ವೇಗಕ್ಕೆಂದು ಮಾರ್ಪಡಿಸಿದ ನೈಟ್ರೋ ಕಾರು ನಿಧಾನವಾದರೆ: ಸೂಜಿ ತಿರುಗಿಸುವ ಮೊದಲು ನೋಡಬೇಕಾದದ್ದು

ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾದ ಒಂದು ಭಾನುವಾರ, ತೀರ್ಥಹಳ್ಳಿ ಕಡೆಯಿಂದ ಅಕ್ಕನ ಮಗ ತನ್ನ ರೇಡಿಯೋ ನಿಯಂತ್ರಿತ ಬಗ್ಗಿಯನ್ನು (ಮಣ್ಣಿನ ನೆಲದಲ್ಲೂ ಓಡುವ ಮಾದರಿ ಕಾರು) ಗೋಣಿಚೀಲದಲ್ಲಿ ಸುತ್ತಿಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದ. ಮೂಲ ಕಾರಿನ ಎಂಟನೇ ಒಂದರ ಅಳತೆಯ, 3.5 ಸಿಸಿ ನೈಟ್ರೋ ಎಂಜಿನ್ನಿನ ಗಾಡಿ ಅದು. "ಮಾವ, ಸ್ಪೀಡ್ ಮಾಡಕ್ಕೆ ಹೋಗಿ ಇದ್ದ ಸ್ಪೀಡೂ ಹೋಯ್ತು" ಎಂದು ಅವನು ಹೇಳಿದ ದೂರು ಈ ಹವ್ಯಾಸದಲ್ಲಿರುವ ಬಹುತೇಕರು ಒಮ್ಮೆಯಾದರೂ ಹೇಳಿರುವ ದೂರೇ. ಅವನು ಮಾಡಿದ್ದ ಮಾರ್ಪಾಡುಗಳು ಮೂರು: 13 ಹಲ್ಲಿನ ಕ್ಲಚ್ ಬೆಲ್ (ಎಂಜಿನ್ನಿನ ತಿರುಗುವಿಕೆಯನ್ನು ಗೇರಿಗೆ ದಾಟಿಸುವ ಹಲ್ಲಿನ ಬಟ್ಟಲು) ತೆಗೆದು 15 ಹಲ್ಲಿನದನ್ನು ಹಾಕಿದ್ದ, ಶೇ. 16ರಷ್ಟು ನೈಟ್ರೋಮೀಥೇನ್ ಇದ್ದ ಇಂಧನವನ್ನು ಬಿಟ್ಟು ಶೇ. 25ರದ್ದಕ್ಕೆ ಬದಲಾಗಿದ್ದ, ಮತ್ತು ಎಕ್ಸಾಸ್ಟಿಗೆ ಹೊಸ ಟ್ಯೂನ್ಡ್ ಪೈಪ್ ಜೋಡಿಸಿದ್ದ. ಮೂರೂ ಒಂದೇ ದಿನ ನಡೆದಿದ್ದವು. ಫಲವಾಗಿ ಗಾಡಿಗೆ ಮೊದಲಿನ ಪಿಕಪ್ ಇರಲಿಲ್ಲ, ಎರಡನೇ ಸುತ್ತಿಗೆ ಎಂಜಿನ್ ನಿಂತುಹೋಗುತ್ತಿತ್ತು, ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಇದನ್ನು ಸರಿಪಡಿಸಲೆಂದು ಕಾರ್ಬ್ಯುರೇಟರಿನಲ್ಲಿ ಇಂಧನದ ಪ್ರಮಾಣವನ್ನು ಹೊಂದಿಸುವ ಹೈ ಸ್ಪೀಡ್, ಲೋ ಸ್ಪೀಡ್ ಎಂಬ ಎರಡೂ ಸೂಜಿಗಳನ್ನು ಅವನು ಎಷ್ಟು ಸಲ ತಿರುಗಿಸಿದ್ದನೆಂದರೆ, ಅವು ಮೊದಲು ಎಲ್ಲಿದ್ದವೆಂಬುದು ಅವನಿಗೂ ನೆನಪಿರಲಿಲ್ಲ.

ಆ ಗಾಡಿಯ ದೋಷವನ್ನು ಹುಡುಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ವೇಗದ ಮಾರ್ಪಾಡು ತಾನಾಗಿ ಹೊಸ ದೋಷವನ್ನು ತರುವುದು ಕಡಿಮೆ. ಮೊದಲೇ ಇದ್ದು, ಹಳೆಯ ಗೇರಿನಲ್ಲಿ ಮತ್ತು ಸೌಮ್ಯ ಇಂಧನದಲ್ಲಿ ಕಾಣದೆ ಉಳಿದಿದ್ದ ಸಣ್ಣ ದೋಷಗಳನ್ನು ಅದು ಹೊರಗೆಳೆಯುತ್ತದೆ. ಇಂಥ ಪ್ರತಿಯೊಂದು ದೋಷವೂ ಹೊರಗಿನಿಂದ ಸೂಜಿಯ ದೋಷದಂತೆಯೇ ಕಾಣುವುದರಿಂದ, ಸೂಜಿಯನ್ನು ಕೊನೆಗೆ ಮುಟ್ಟಬೇಕು.

ಚಕ್ರದ ಕಡೆಯಿಂದ ಆರಂಭ

ಎಂಜಿನ್ ಚಾಲೂ ಮಾಡುವ ಮೊದಲು ಗಾಡಿಯನ್ನು ಎತ್ತಿ ಹಿಡಿದು ನಾಲ್ಕೂ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಬೇಕು. ಕ್ಲಚ್ ಬಿಟ್ಟಿರುವಾಗ ಅವು ಸಲೀಸಾಗಿ ತಿರುಗಬೇಕು. ನಮ್ಮ ಬಗ್ಗಿಯಲ್ಲಿ ಹಿಂದಿನ ಎಡ ಚಕ್ರ ಅರ್ಧ ಸುತ್ತಿಗೇ ಬಿಗಿಯಾಗುತ್ತಿತ್ತು. ಚಕ್ರ ಬಿಚ್ಚಿದಾಗ ಆಕ್ಸಲಿನ ಸುತ್ತ, ಬೇರಿಂಗಿನ ಸೀಲಿಗೆ ಒತ್ತಿಕೊಂಡು, ಅಡಿಕೆ ಸಿಪ್ಪೆಯ ನಾರು ತೆಂಗಿನ ಹಗ್ಗ ಹೊಸೆದಷ್ಟು ಬಿಗಿಯಾಗಿ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಲು ಕಾಲು ಗಂಟೆ ಹಿಡಿಯಿತು. ಅಂಗಳದಲ್ಲಿ ಗಾಡಿ ಓಡಿಸುವ ಮಲೆನಾಡಿನವರು ಈ ಪರೀಕ್ಷೆಯನ್ನು ಬಿಡಬಾರದು. ಮೇಲಿಂದ ನೋಡಿದರೆ ನಾರು ಕಾಣುವುದೇ ಇಲ್ಲ.

ಬ್ರೇಕನ್ನೂ ಇದೇ ಹಂತದಲ್ಲಿ ನೋಡಬೇಕು. ಥ್ರಾಟಲ್ ಸರ್ವೋ (ರಿಮೋಟಿನ ಆಜ್ಞೆಗೆ ತಕ್ಕಂತೆ ಕಡ್ಡಿ ಎಳೆಯುವ ಪುಟ್ಟ ಮೋಟಾರು) ಒಂದೇ ಆಗಿ, ಅದರ ಒಂದು ಬದಿಯ ಚಲನೆ ಕಾರ್ಬ್ಯುರೇಟರನ್ನೂ ಇನ್ನೊಂದು ಬದಿಯದು ಬ್ರೇಕನ್ನೂ ಎಳೆಯುವ ವ್ಯವಸ್ಥೆ ಇರುವುದರಿಂದ, ಎಂಜಿನ್ನನ್ನು ಬಿಚ್ಚಿ ಮರಳಿ ಕೂರಿಸಿದಾಗ ಕಡ್ಡಿಯ ಉದ್ದ ಒಂದು ಮಿಲಿಮೀಟರ್ ಬದಲಾದರೂ ಬ್ರೇಕ್ ಸದಾ ಸ್ವಲ್ಪ ಹಿಡಿದೇ ಇರಬಹುದು. ಹಾಗಿದ್ದರೆ ಓಡಿದ ಮೇಲೆ ಬ್ರೇಕ್ ಡಿಸ್ಕ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ.

ಕ್ಲಚ್ ಬೆಲ್ ಬದಲಾಯಿಸಿದವರು ಹಲ್ಲುಗಳ ನಡುವಿನ ಸಡಿಲವನ್ನು ಮತ್ತೆ ಹೊಂದಿಸಲೇಬೇಕು. 15 ಹಲ್ಲಿನ ಬೆಲ್ ದೊಡ್ಡದಾದ್ದರಿಂದ ಎಂಜಿನ್ನನ್ನು ತುಸು ದೂರಕ್ಕೆ ಸರಿಸಬೇಕಾಗುತ್ತದೆ. ಬೆಲ್ ಮತ್ತು ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿನ ನಡುವೆ ನೋಟ್ ಪುಸ್ತಕದ ಕಾಗದದ ಒಂದು ಪಟ್ಟಿಯನ್ನು ಹಾಯಿಸಿ, ಎಂಜಿನ್ನನ್ನು ಒತ್ತಿ ಹಿಡಿದು ಬೋಲ್ಟ್ ಬಿಗಿದು, ಬಳಿಕ ಕಾಗದವನ್ನು ತಿರುಗಿಸಿ ತೆಗೆದರೆ ಸಾಕಷ್ಟು ಸಡಿಲ ಉಳಿಯುತ್ತದೆ. ಕಾಗದ ಹರಿದು ಬಂದರೆ ಬಿಗಿ ಹೆಚ್ಚಾಗಿದೆ ಎಂದರ್ಥ.

ಗೇರಿನ ಲೆಕ್ಕ ಮತ್ತು ಅದರ ಮೋಸ

ದೊಡ್ಡ ಬೆಲ್ ಹಾಕಿದರೆ ವೇಗ ಹೆಚ್ಚುತ್ತದೆ ಎಂಬುದು ಕಾಗದದ ಮೇಲೆ ಸರಿಯಾಗಿಯೇ ಇದೆ. ಈ ಗಾಡಿಯ ಸ್ಪರ್ ಗೇರಿಗೆ 48 ಹಲ್ಲು, ಡಿಫರೆನ್ಶಿಯಲ್ಲಿನ ಜೋಡಿಗೆ 43 ಮತ್ತು 13, ಟೈರಿನ ವ್ಯಾಸ 110 ಮಿಲಿಮೀಟರ್. 13 ಹಲ್ಲಿನ ಬೆಲ್ ಇದ್ದಾಗ ಎಂಜಿನ್ ಸುಮಾರು 12.2 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 30,000 ಸುತ್ತು ಮುಟ್ಟಿದರೆ ಗಂಟೆಗೆ ಸುಮಾರು 51 ಕಿಲೋಮೀಟರ್ ವೇಗ ಸಿಗುತ್ತದೆ. 15 ಹಲ್ಲಿನದಾದರೆ ಅದೇ 12.2 ಎಂಬುದು 10.6ಕ್ಕೆ ಇಳಿದು, ವೇಗ ಸುಮಾರು 59 ಕಿಲೋಮೀಟರ್ ಆಗಬೇಕು.

ಆದರೆ ಈ ಲೆಕ್ಕದಲ್ಲಿ ಎಂಜಿನ್ ಹೊಸ ಗೇರಿನಲ್ಲೂ 30,000 ಸುತ್ತನ್ನು ಮುಟ್ಟುತ್ತದೆ ಎಂಬ ಊಹೆ ಅಡಗಿದೆ. ಹೆಚ್ಚಿದ ಹೊರೆಯಿಂದ ಅದು 26,000ದಲ್ಲೇ ನಿಂತರೆ, ಲೆಕ್ಕ ಹಾಕಿ ನೋಡಿ, ವೇಗ ಮತ್ತೆ ಅದೇ 51 ಕಿಲೋಮೀಟರಿಗೆ ಬಂದು ನಿಲ್ಲುತ್ತದೆ, ಪಿಕಪ್ ಮಾತ್ರ ಹೋಗಿರುತ್ತದೆ. ಟ್ಯೂನ್ಡ್ ಪೈಪ್ ತನ್ನ ನಿರ್ದಿಷ್ಟ ಸುತ್ತುಗಳ ವ್ಯಾಪ್ತಿಯಲ್ಲಿ ಮಾತ್ರ ಪೂರ್ಣ ಶಕ್ತಿ ಕೊಡುವಂಥದ್ದು. ಎಂಜಿನ್ ಆ ವ್ಯಾಪ್ತಿಗೆ ಏರುವುದೇ ಇಲ್ಲವೆಂದಾದರೆ ಹೊಸ ಪೈಪಿನಿಂದ ಏನೂ ಲಾಭವಿಲ್ಲ. ನಮ್ಮ ಬಗ್ಗಿಯ ಸದ್ದು ನೇರ ರಸ್ತೆಯ ಕೊನೆಯವರೆಗೂ ಏರುತ್ತಲೇ ಇದ್ದು, ಚೀರುವ ಹಂತಕ್ಕೆ ಹೋಗುವ ಮೊದಲೇ ರಸ್ತೆ ಮುಗಿಯುತ್ತಿತ್ತು. ಗೇರ್ ಅತಿಯಾಗಿದೆ ಎಂಬುದಕ್ಕೆ ಇದು ಸ್ಪಷ್ಟ ಗುರುತು.

ಆದ್ದರಿಂದ ಮೊದಲು 13 ಹಲ್ಲಿನ ಹಳೆಯ ಬೆಲ್ಲನ್ನೇ ಮರಳಿ ಹಾಕಿದೆವು. ಪಿಕಪ್ ಬಹುಮಟ್ಟಿಗೆ ಹಿಂದಿರುಗಿತು, ಎರಡನೇ ಸುತ್ತಿಗೆ ನಿಂತುಹೋಗುವುದು ಮಾತ್ರ ಹಾಗೆಯೇ ಮುಂದುವರಿಯಿತು. ಎರಡು ದೋಷಗಳು ಬೇರೆ ಬೇರೆ ಎಂಬುದು ಇದರಿಂದ ಖಚಿತವಾಯಿತು. ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವರು ಅವನ್ನು ಒಂದೊಂದಾಗಿ ಹಿಂದಕ್ಕೆ ತೆಗೆದು ನೋಡದ ಹೊರತು ಈ ಖಚಿತತೆ ಸಿಗುವುದಿಲ್ಲ.

ಎಂಜಿನ್ ಚೀರುತ್ತದೆ ಆದರೆ ಗಾಡಿ ಅದಕ್ಕೆ ತಕ್ಕಂತೆ ಓಡುವುದಿಲ್ಲ ಎಂದಾದರೆ ಗೇರಿನ ಬದಲು ಕ್ಲಚ್ಚನ್ನು ಸಂಶಯಿಸಬೇಕು. ಬೆಲ್ ತೆಗೆದು ಒಳಗಡೆ ನೀಲಿ ಬಣ್ಣ ತಿರುಗಿದೆಯೇ, ಶೂಗಳು ಸವೆದಿವೆಯೇ, ಮುಂಭಾಗದ ಬೇರಿಂಗಿನಿಂದ ಸೋರಿದ ಎಣ್ಣೆ ಅವುಗಳಿಗೆ ತಾಗಿದೆಯೇ ಎಂದು ನೋಡಿದರೆ ಸಾಕು.

ಇಂಧನ ಮತ್ತು ಪ್ಲಗ್

ನೈಟ್ರೋ ಇಂಧನ ಎಂದರೆ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಗಳ ಮಿಶ್ರಣ. ಇವುಗಳಲ್ಲಿ ಮೆಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ಕಡೆ, ಅರ್ಧ ಖಾಲಿಯಾದ ಕ್ಯಾನನ್ನು ಮುಚ್ಚಳ ಸಡಿಲವಾಗಿ ಬಿಟ್ಟು ಮಳೆಗಾಲ ಕಳೆದರೆ ಆ ಇಂಧನ ನಂಬಿಕೆಗೆ ಅರ್ಹವಲ್ಲ. ಅಂಥದ್ದರಲ್ಲಿ ಎಂಜಿನ್ ಟ್ಯೂನಿಂಗಿಗೆ ನಿಲ್ಲುವುದೇ ಇಲ್ಲ, ಒಂದು ಸುತ್ತಿಗೆ ಸರಿಯೆನಿಸಿದ ಸೂಜಿ ಮುಂದಿನ ಸುತ್ತಿಗೆ ತಪ್ಪೆನಿಸುತ್ತದೆ. ಹೊಸ ಕ್ಯಾನ್ ತಂದ ದಿನವೇ ಅದನ್ನು ಸಣ್ಣ ಬಾಟಲಿಗಳಿಗೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ಹೆಸರು ಬರೆದು, ಬೀಗವಿರುವ ಕಪಾಟಿನಲ್ಲಿ ಇಡುವುದು ನನ್ನ ಕ್ರಮ. ಮಳೆಗಾಲದಲ್ಲಿ ಎಲ್ಲವನ್ನೂ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಅಭ್ಯಾಸವಿರುವ ಮನೆಗಳಲ್ಲಿ ಈ ಬಾಟಲಿಗಳನ್ನಾಗಲಿ, ಇಂಧನ ಉಳಿದಿರುವ ಗಾಡಿಯನ್ನಾಗಲಿ ಅಲ್ಲಿಗೆ ಸೇರಿಸಬಾರದು. ಮೆಥನಾಲ್ ವಿಷ, ಚರ್ಮದ ಮೂಲಕವೂ ದೇಹಕ್ಕೆ ಸೇರುತ್ತದೆ, ಮತ್ತು ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಎರಡನೇ ಪರೀಕ್ಷೆ ಬಹಳ ಸರಳ: ಹೊಸದಾಗಿ ತೆರೆದ ಇಂಧನ ಮತ್ತು ಹೊಸ ಗ್ಲೋ ಪ್ಲಗ್. ತೆಗೆದ ಹಳೆಯ ಪ್ಲಗ್ಗನ್ನು ಮಾತ್ರ ಎಸೆಯಬಾರದು, ಅದು ಎಂಜಿನ್ನಿನ ಒಳಗಿನ ಸಾಕ್ಷಿ. ಪ್ಲಗ್ಗಿನ ಸುರುಳಿಯಲ್ಲಿ ಪ್ಲಾಟಿನಮ್ ಇರುತ್ತದೆ. ಆರಂಭದಲ್ಲಿ ಬ್ಯಾಟರಿಯಿಂದ ಕಾದ ಸುರುಳಿ, ಬ್ಯಾಟರಿ ತೆಗೆದ ಮೇಲೂ ಮೆಥನಾಲ್ ಆವಿಯೊಂದಿಗಿನ ಪ್ರತಿಕ್ರಿಯೆಯಿಂದಲೇ ಕೆಂಪಗೆ ಉಳಿದು ದಹನವನ್ನು ನಡೆಸುತ್ತದೆ. ಸುರುಳಿ ಹೊಳಪಾಗಿದ್ದು ಒದ್ದೆಯಾಗಿದ್ದರೆ ಮಿಶ್ರಣದಲ್ಲಿ ಇಂಧನ ಹೆಚ್ಚು, ಅಂದರೆ ರಿಚ್. ಹೊಳಪು ಕಳೆದು ಬೂದು ಬಣ್ಣಕ್ಕೆ ತಿರುಗಿ ಒರಟಾಗಿದ್ದರೆ ಇಂಧನ ಕಡಿಮೆ, ಅಂದರೆ ಲೀನ್. ಸುರುಳಿ ನಜ್ಜುಗುಜ್ಜಾಗಿ ಒಂದು ಬದಿಗೆ ವಾಲಿದ್ದರೆ, ಇಂಧನ ಸಮಯಕ್ಕೆ ಮೊದಲೇ ಸ್ಫೋಟಿಸುತ್ತಿದೆ ಎಂದು ತಿಳಿಯಬೇಕು.

ಭೂತಗನ್ನಡಿಯಲ್ಲಿ ನೋಡಿದಾಗ ನಮ್ಮ ಪ್ಲಗ್ಗಿನ ಸುರುಳಿ ಬೂದಾಗಿತ್ತು, ಅದರ ಕೊನೆಯ ಎರಡು ಸುತ್ತು ಒಂದರ ಮೇಲೊಂದು ಕೂತಿದ್ದವು. ಕಾರಣ ಊಹಿಸುವುದು ಕಷ್ಟವಿರಲಿಲ್ಲ. ನೈಟ್ರೋಮೀಥೇನ್ ತನ್ನೊಳಗೇ ಆಮ್ಲಜನಕ ಹೊತ್ತಿರುವುದರಿಂದ ಅದಕ್ಕೆ ಬೇಕಾದ ಗಾಳಿ ಬಹಳ ಕಡಿಮೆ: ಒಂದು ಪಾಲು ಮೆಥನಾಲ್ ಉರಿಯಲು ತೂಕದಲ್ಲಿ ಸುಮಾರು 6.4 ಪಾಲು ಗಾಳಿ ಬೇಕಾದರೆ, ನೈಟ್ರೋಮೀಥೇನಿಗೆ ಸುಮಾರು 1.7 ಪಾಲು ಸಾಕು. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಒಳಹೋಗಬೇಕು. ಶೇ. 16ರಿಂದ 25ಕ್ಕೆ ಏರಿದಾಗ ಸೂಜಿಯನ್ನು ಇದ್ದಲ್ಲೇ ಬಿಟ್ಟರೆ ಎಂಜಿನ್ ತಾನಾಗಿಯೇ ಲೀನ್ ಆಗುತ್ತದೆ. ಜೊತೆಗೆ ಹೆಚ್ಚಿನ ನೈಟ್ರೋ ಬೇಗ ಹೊತ್ತಿಕೊಳ್ಳುವುದರಿಂದ ಸಿಲಿಂಡರ್ ಹೆಡ್ಡಿನ ಕೆಳಗೆ 0.1 ಮಿಲಿಮೀಟರಿನ ಒಂದು ಶಿಮ್ (ತೆಳು ಲೋಹದ ಬಳೆ) ಹೆಚ್ಚಿಗೆ ಹಾಕಿ ಕಂಪ್ರೆಷನ್ ತಗ್ಗಿಸುವುದು ರೂಢಿ. ಇದನ್ನೂ ಅವನು ಮಾಡಿರಲಿಲ್ಲ. ಪೂರ್ಣ ವೇಗದಲ್ಲಿ ಎಂಜಿನ್ನಿನಿಂದ ಒಗ್ಗರಣೆಯ ಸಾಸಿವೆ ಸಿಡಿದಂಥ ಸದ್ದು ಬರುತ್ತಿದ್ದುದಕ್ಕೆ ಇದೇ ಮೂಲ. ಆ ಸದ್ದು ಕೇಳಿದ ಮೇಲೂ ಇನ್ನೊಂದು ಸುತ್ತು ಓಡಿಸುವವರಿಗೆ ಹೊಸ ಪಿಸ್ಟನ್ ಕೊಳ್ಳುವ ಶಕ್ತಿ ಇರಬೇಕು.

ಗಾಳಿ ಎಳೆಯುವ ಎಂಜಿನ್

ಶಿಮ್ ಹಾಕಿ, ಹೊಸ ಪ್ಲಗ್ ಕೂರಿಸಿದರೂ ಐಡ್ಲಿಂಗ್ ಸ್ಥಿರವಾಗಲಿಲ್ಲ. ಪೂರ್ಣ ಥ್ರಾಟಲ್ ಕೊಟ್ಟು ಬಿಟ್ಟಾಗ ಎಂಜಿನ್ನಿನ ಸದ್ದು ಕೂಡಲೇ ಇಳಿಯದೆ, ನಾಲ್ಕೈದು ಸೆಕೆಂಡು ಮೇಲೆಯೇ ತೂಗಾಡಿ ಆಮೇಲೆ ಇಳಿಯುತ್ತಿತ್ತು. ಲೋ ಸ್ಪೀಡ್ ಸೂಜಿ ಲೀನ್ ಆಗಿದ್ದರೂ ಹೀಗಾಗುತ್ತದೆ. ಆದರೆ ಸೂಜಿಯನ್ನು ತೆರೆದಷ್ಟೂ ಆ ಗುಣ ಹೋಗದಿದ್ದರೆ, ಅಥವಾ ಒಂದು ದಿನ ಇದ್ದು ಇನ್ನೊಂದು ದಿನ ಇಲ್ಲದಿದ್ದರೆ, ಕಾರ್ಬ್ಯುರೇಟರಿನ ಬಾಯಿಯನ್ನು ಬಿಟ್ಟು ಬೇರೆಲ್ಲಿಂದಲೋ ಗಾಳಿ ಒಳನುಗ್ಗುತ್ತಿದೆ. ಬೈಕ್ ಗ್ಯಾರೇಜಿನವರು "ಏರ್ ಎಳೀತಿದೆ" ಎನ್ನುವುದು ಇದನ್ನೇ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸ್ ತಾನೇ ಪಂಪಿನಂತೆ ಕೆಲಸ ಮಾಡುವುದರಿಂದ, ಅದರ ಯಾವ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಮಿಶ್ರಣ ಕೆಡುತ್ತದೆ.

ಸೋರಿಕೆ ಕಂಡುಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ಎಂಜಿನ್ ತಣ್ಣಗಿರುವಾಗ ಏರ್ ಫಿಲ್ಟರ್ ತೆಗೆದು, ಸರ್ವೋ ಕಡ್ಡಿ ಕಳಚಿ ಥ್ರಾಟಲ್ಲನ್ನು ಪೂರ್ತಿ ತೆರೆದಿಡಿ. ಫ್ಲೈವೀಲನ್ನು ಕೈಯಿಂದ ತಿರುಗಿಸಿ ಪಿಸ್ಟನ್ ಬಹುತೇಕ ಮೇಲಕ್ಕೆ, ಬಿಗಿ ಆರಂಭವಾಗುವ ಜಾಗಕ್ಕೆ ಬರುವಂತೆ ಮಾಡಿದರೆ ಎಕ್ಸಾಸ್ಟ್ ರಂಧ್ರವನ್ನು ಪಿಸ್ಟನ್ನೇ ಮುಚ್ಚುತ್ತದೆ, ಕಾರ್ಬ್ಯುರೇಟರಿನ ದಾರಿ ತೆರೆದಿರುತ್ತದೆ. ಇಂಧನದ ಕೊಳವೆ ಸೇರುವ ಮೂತಿಯನ್ನು ಮುಚ್ಚಿ. ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕಾರ್ಬ್ಯುರೇಟರಿನ ಬಾಯಿಗೆ ಬಿಗಿಯಾಗಿ ಹಿಡಿದು ಗಾಳಿ ಒತ್ತಿ. ಇನ್ನೊಬ್ಬರು ಸಾಬೂನಿನ ನೀರನ್ನು ಸಣ್ಣ ಬ್ರಷ್‌ನಿಂದ ಸಂದುಗಳಿಗೆ ಹಚ್ಚಲಿ. ಬಾಯಿಂದ ಊದಬಾರದು, ಒಳಗೆ ಮೆಥನಾಲ್ ಉಳಿದಿರುತ್ತದೆ. ಫ್ಲೈವೀಲಿನ ಹಿಂದೆ, ಮುಂಭಾಗದ ಬೇರಿಂಗಿನಲ್ಲಿ ಒಂದೆರಡು ಗುಳ್ಳೆ ಬಂದರೆ ಗಾಬರಿ ಬೇಡ. ಕ್ರ್ಯಾಂಕ್‌ಕೇಸಿನ ಹಿಂಬದಿಯ ಮುಚ್ಚಳವಾದ ಬ್ಯಾಕ್ ಪ್ಲೇಟ್ ಮತ್ತು ಕಾರ್ಬ್ಯುರೇಟರಿನ ಕತ್ತಿನಲ್ಲಿ ಒಂದೂ ಬರಬಾರದು.

ನಮಗೆ ಗುಳ್ಳೆ ಕಂಡದ್ದು ಕಾರ್ಬ್ಯುರೇಟರಿನ ಕತ್ತಿನಲ್ಲಿ. ಸಾಬೂನಿನ ನೀರು ಅಲ್ಲಿ ಮೊದಲು ಬೆಳ್ಳಗೆ ನೊರೆಯಾಯಿತು, ಬಳಿಕ ಕಡಲೆಕಾಳಿನಷ್ಟು ದೊಡ್ಡ ಒಂದೇ ಗುಳ್ಳೆ ಎದ್ದು ಒಡೆಯಿತು, ಮತ್ತೆ ಎದ್ದಿತು. ಹೊಸ ಪೈಪ್ ಜೋಡಿಸುವಾಗ ಕೈಗೆ ಅಡ್ಡ ಬರುತ್ತದೆಂದು ಅವನು ಕಾರ್ಬ್ಯುರೇಟರನ್ನು ಹೊರಳಿಸಿ, ಆಮೇಲೆ ಬೋಲ್ಟನ್ನು ಬಿಗಿದಿದ್ದ. ಆದರೆ ಕಾರ್ಬ್ಯುರೇಟರನ್ನು ಕೆಳಕ್ಕೆ ಒತ್ತಿ ಹಿಡಿದುಕೊಂಡು ಬಿಗಿಯದ ಕಾರಣ ಕೆಳಗಿನ ಓ ರಿಂಗ್ (ಸಂದನ್ನು ಮುಚ್ಚುವ ರಬ್ಬರ್ ಬಳೆ) ಸಮನಾಗಿ ಕೂತಿರಲಿಲ್ಲ, ಅದರ ಅಂಚು ಕಚ್ಚಿಹೋಗಿತ್ತು. ಹೊಸ ಓ ರಿಂಗಿನ ಬೆಲೆಯನ್ನು ಇಲ್ಲಿ ಬರೆಯಲೂ ಸಂಕೋಚವಾಗುತ್ತದೆ. ಈ ಒಂದು ತಪ್ಪಿಗಾಗಿ ಅವನು ಮೂರು ವಾರ ಸೂಜಿ ತಿರುಗಿಸಿದ್ದ.

ಪರೀಕ್ಷೆಯ ನಂತರ ತೇವವನ್ನು ಒರೆಸಿ, ಎಂಜಿನ್ನಿಗೆ ಕೆಲವು ಹನಿ ಎಣ್ಣೆ ಬಿಟ್ಟು ತಿರುಗಿಸಬೇಕು. ಈ ಎಂಜಿನ್ನುಗಳ ಇಂಧನ ಕೊಳವೆಗಳು ಸಾಮಾನ್ಯವಾಗಿ ಸಿಲಿಕೋನಿನವು, ಓ ರಿಂಗ್‌ಗಳೂ ಹಲವು ಬಾರಿ ಸಿಲಿಕೋನಿನವೇ. ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆದರೆ ಅವು ಉಬ್ಬಿ ಹಾಳಾಗುತ್ತವೆ. ಗ್ಯಾರೇಜಿನ ಅಭ್ಯಾಸವನ್ನು ಇಲ್ಲಿಗೆ ತಂದವರು ಹೊಸ ಸೋರಿಕೆಯನ್ನು ತಾವೇ ಮಾಡಿಕೊಂಡಂತೆ.

ಇಂಧನದ ಟ್ಯಾಂಕಿನಲ್ಲೂ ಇದೇ ಬಗೆಯ ದೋಷ ಇರಬಹುದು. ಪೈಪಿನಿಂದ ಬರುವ ಎಕ್ಸಾಸ್ಟಿನ ಒತ್ತಡ ಟ್ಯಾಂಕಿನ ಇಂಧನವನ್ನು ಎಂಜಿನ್ನಿಗೆ ನೂಕುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಟ್ಯಾಂಕ್ ತುಂಬಿರುವಾಗ ಗಾಡಿ ಚೆನ್ನಾಗಿ ಓಡಿ, ಅರ್ಧ ಇಳಿದ ಮೇಲೆ ಲೀನ್ ಆಗಿ ನಿಲ್ಲುತ್ತದೆ. ಟ್ಯಾಂಕನ್ನು ಬಿಚ್ಚಿ, ಒಂದು ಮೂತಿ ಮುಚ್ಚಿ, ಇನ್ನೊಂದರಿಂದ ಸಿರಿಂಜಿನಲ್ಲಿ ಗಾಳಿ ಒತ್ತಿ ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಕೊನೆಗೆ ಸೂಜಿ

ಇಷ್ಟೆಲ್ಲ ಆದ ಮೇಲೆ ಸೂಜಿಗೆ ಕೈ ಹಾಕಬಹುದು. ಮೊದಲು ಎರಡೂ ಸೂಜಿಗಳನ್ನು ಒತ್ತಡ ಹಾಕದೆ ಮೆಲ್ಲನೆ ಮುಚ್ಚುತ್ತ ಎಷ್ಟು ಸುತ್ತು ಎಂದು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡು, ನಂತರ ಎಂಜಿನ್ ತಯಾರಕರು ಹೇಳಿರುವ ಆರಂಭಿಕ ಸ್ಥಾನಕ್ಕೆ ತೆರೆಯಬೇಕು. ಹೈ ಸ್ಪೀಡ್ ಸೂಜಿ ಎರಡೂ ಹಂತಗಳ ಮೇಲೆ ಪರಿಣಾಮ ಬೀರುವುದರಿಂದ ಅದನ್ನು ಮೊದಲು, ಲೋ ಸ್ಪೀಡ್ ಸೂಜಿಯನ್ನು ಆಮೇಲೆ, ಐಡ್ಲಿಂಗ್ ಸ್ಕ್ರೂವನ್ನು ಎಲ್ಲಕ್ಕಿಂತ ಕೊನೆಗೆ ಹೊಂದಿಸಬೇಕು. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಲೀನ್, ವಿರುದ್ಧ ದಿಕ್ಕಿಗೆ ರಿಚ್. ಒಂದು ಸಲಕ್ಕೆ ಗಡಿಯಾರದ ಮುಳ್ಳು ಒಂದು ಗಂಟೆಗೆ ಸರಿಯುವಷ್ಟು, ಅಂದರೆ ಹನ್ನೆರಡನೇ ಒಂದು ಸುತ್ತು ಮಾತ್ರ. ಪ್ರತಿ ಬದಲಾವಣೆಯ ನಂತರ ಎರಡು ಸುತ್ತು ಓಡಿಸಿ ನೋಡಬೇಕು. ಎಂಜಿನ್ ಪೂರ್ತಿ ಬಿಸಿಯಾಗದೆ ಮಾಡಿದ ಟ್ಯೂನಿಂಗಿಗೆ ಬೆಲೆಯಿಲ್ಲ.

ಲೋ ಸ್ಪೀಡ್ ಸೂಜಿಗೆ ನಾನು ನೆಚ್ಚುವುದು ಕೊಳವೆ ಹಿಸುಕುವ ಪರೀಕ್ಷೆಯನ್ನು. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಇಂಧನದ ಕೊಳವೆಯನ್ನು ಕಾರ್ಬ್ಯುರೇಟರಿನ ಹತ್ತಿರ ಹಿಸುಕಿ ಹಿಡಿದರೆ, ಸದ್ದು ಸ್ವಲ್ಪವೇ ಏರಿ ಎರಡು ಮೂರು ಸೆಕೆಂಡಿನಲ್ಲಿ ಎಂಜಿನ್ ನಿಲ್ಲಬೇಕು. ಹಿಸುಕಿದ ಕೂಡಲೇ ನಿಂತರೆ ಲೀನ್, ಬಹಳ ಹೊತ್ತು ಓಡಿ ಸದ್ದು ಜೋರಾಗಿ ಏರಿದರೆ ರಿಚ್.

ಹೆಡ್ಡಿನ ಉಷ್ಣತೆಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಪ್ಲಗ್ಗಿನ ಮೇಲೆ ನೇರವಾಗಿ ಹಿಡಿದು ಅಳೆದರೆ, ಸಾಮಾನ್ಯವಾಗಿ 95ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಸಾಧನವಿಲ್ಲದವರು ಹೆಡ್ಡಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬಹುದು: ಮೂರು ನಾಲ್ಕು ಸೆಕೆಂಡಿನಲ್ಲಿ ಆರಿದರೆ ಸರಿ, ದೋಸೆ ಹಂಚಿನ ಮೇಲಿನ ಹನಿಯಂತೆ ಕೂಡಲೇ ಚುಯ್ ಎಂದು ಹಾರಿಹೋದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಬೇಕು. ಆದರೆ ಉಷ್ಣತೆಯೊಂದನ್ನೇ ನಂಬಿ ಟ್ಯೂನ್ ಮಾಡುವವರನ್ನು ನಾನು ಒಪ್ಪುವುದಿಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನದ ಶಿವಮೊಗ್ಗದಲ್ಲಿ ಮತ್ತು ಡಿಸೆಂಬರಿನ ಮಂಜಿನ ಬೆಳಿಗ್ಗೆಯ ಆಗುಂಬೆಯಲ್ಲಿ ಅದೇ ಸೂಜಿ ಅದೇ ಉಷ್ಣತೆ ಕೊಡುವುದಿಲ್ಲ. ಪೂರ್ಣ ವೇಗದಲ್ಲಿ ಗಾಡಿಯ ಹಿಂದೆ ನೀಲಿ ಹೊಗೆಯ ತೆಳು ಗೆರೆ ಉಳಿಯಲೇಬೇಕು. ಎಂಜಿನ್ನಿಗೆ ಎಣ್ಣೆ ಸಿಗುವುದು ಇಂಧನದಿಂದಲೇ ಆದ್ದರಿಂದ, ಹೊಗೆ ಕಾಣದ ನೈಟ್ರೋ ಎಂಜಿನ್ ಎಷ್ಟೇ ಚೆನ್ನಾಗಿ ಚೀರಿದರೂ ಒಳಗೆ ಒಣಗುತ್ತಿರುತ್ತದೆ.

ಇಷ್ಟಾದರೂ ಶಕ್ತಿ ಬಾರದಿದ್ದರೆ ಪಿಸ್ಟನ್ನಿನ ಬಿಗಿಯನ್ನು ನೋಡಬೇಕು. ಸಿಲಿಂಡರ್ ಮೇಲಕ್ಕೆ ಹೋದಂತೆ ಕಿರಿದಾಗುವಂತೆ ಮಾಡಿರುತ್ತಾರೆ. ತಣ್ಣಗಿರುವಾಗ ಪಿಸ್ಟನ್ ತುದಿಯಲ್ಲಿ ಬಿಗಿಯಾಗಬೇಕು. ಪ್ಲಗ್ ತೆಗೆದು ಫ್ಲೈವೀಲ್ ತಿರುಗಿಸಿದಾಗ ಆ ಬಿಗಿ ಕೈಗೆ ಸಿಗದಿದ್ದರೆ ಎಂಜಿನ್ ಸವೆದಿದೆ. ನಮ್ಮ ಕೆಂಪು ಮಣ್ಣಿನ ನುಣುಪು ದೂಳು ಎಣ್ಣೆ ಹಚ್ಚದ ಫಿಲ್ಟರಿನ ಮೂಲಕ ಒಳಹೋಗುವುದೇ ಇದಕ್ಕೆ ಮುಖ್ಯ ಕಾರಣ. ಮಳೆಗಾಲಕ್ಕೆ ಎತ್ತಿಟ್ಟ ಎಂಜಿನ್ನಿನಲ್ಲಿ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ತುಕ್ಕು ಹಿಡಿದಿದೆ. ಟ್ಯಾಂಕ್ ಖಾಲಿ ಮಾಡಿ, ಒಳಗಿನ ಇಂಧನ ಪೂರ್ತಿ ಉರಿಸಿ, ಎಣ್ಣೆ ಬಿಟ್ಟು ಎತ್ತಿಡದವರಿಗೆ ಇದು ತಪ್ಪಿದ್ದಲ್ಲ.

ವೇಗ ಅಳೆಯುವ ಮುನ್ನ

ಪೂರ್ಣ ವೇಗದ ಪರೀಕ್ಷೆಗೆ ಮೊದಲು ಚಕ್ರಗಳು ನೆಲಕ್ಕೆ ತಾಗದಂತೆ ಗಾಡಿಯನ್ನು ಎತ್ತಿಟ್ಟು, ಎಂಜಿನ್ ಬಂದ್ ಇರುವಾಗಲೇ ಥ್ರಾಟಲ್ ಒತ್ತಿ ಹಿಡಿದು ಟ್ರಾನ್ಸ್‌ಮಿಟರನ್ನು ಆಫ್ ಮಾಡಬೇಕು. ಸರ್ವೋ ತಾನಾಗಿ ಬ್ರೇಕಿನ ಕಡೆಗೆ ಹೋಗಬೇಕು. ಹೋಗದಿದ್ದರೆ ಫೇಲ್‌ಸೇಫ್ ಹೊಂದಿಸದೆ ಗಾಡಿಯನ್ನು ನೆಲಕ್ಕಿಡಬಾರದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಮೂರೂವರೆ ಕಿಲೋ ತೂಕದ ಗಾಡಿ ಕಾಲಿಗೆ ಬಡಿಯುವುದು, ಹದಿನಾಲ್ಕು ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ ಅಷ್ಟೇ ತೂಕದ ಕಲ್ಲು ಬಿದ್ದುದಕ್ಕೆ ಸಮ.

ಊರಾಚೆಯ, ಇನ್ನೂ ಮನೆ ಏಳದ ಬಡಾವಣೆಯೊಂದರ ಡಾಂಬರು ರಸ್ತೆಯಲ್ಲಿ 30 ಮೀಟರಿಗೆ ಎರಡು ಸುಣ್ಣದ ಗೆರೆ ಎಳೆದು, ಮೊಬೈಲಿನಲ್ಲಿ ಚಿತ್ರೀಕರಿಸಿ ಫ್ರೇಮುಗಳನ್ನು ಎಣಿಸಿ ವೇಗ ನೋಡಿದೆವು. 13 ಹಲ್ಲಿನ ಬೆಲ್ಲಿನಲ್ಲಿ ಲೆಕ್ಕದ 51 ಕಿಲೋಮೀಟರಿಗೆ ಸಮೀಪದ ವೇಗ ಸಿಕ್ಕಿತು, ನೇರ ರಸ್ತೆಯ ಅರ್ಧದಲ್ಲೇ ಎಂಜಿನ್ ಪೂರ್ಣ ಸುತ್ತಿಗೆ ಏರುತ್ತಿತ್ತು. ಆಗ 14 ಹಲ್ಲಿನದನ್ನು ಹಾಕಿದೆವು. ಎರಡು ಗೆರೆಗಳ ನಡುವೆ ಗಾಡಿ ಎರಡು ಸೆಕೆಂಡಿನಲ್ಲಿ ಹಾದಿತು, ಅಂದರೆ ಗಂಟೆಗೆ 54 ಕಿಲೋಮೀಟರ್. 30,000 ಸುತ್ತಿನ ಲೆಕ್ಕ ಹೇಳುವುದು ಸುಮಾರು 55. ಒಂದು ಟ್ಯಾಂಕ್ ಪೂರ್ತಿ ಮುಗಿಯುವವರೆಗೂ ಎಂಜಿನ್ ನಿಲ್ಲಲಿಲ್ಲ, ಹೆಡ್ 112 ಡಿಗ್ರಿಯಲ್ಲಿತ್ತು. 15 ಹಲ್ಲಿನ ಬೆಲ್ ಸದ್ಯಕ್ಕೆ ಡಬ್ಬಿಯಲ್ಲಿದೆ. ಇದಕ್ಕಿಂತ ಉದ್ದದ ರಸ್ತೆ ಸಿಕ್ಕಿದ ದಿನ, ಬೇರೆ ಏನನ್ನೂ ಬದಲಾಯಿಸದೆ, ಅದೊಂದನ್ನೇ ಹಾಕಿ ನೋಡುವುದೆಂದು ಅವನ ಪುಸ್ತಕದಲ್ಲಿ ಬರೆಸಿದ್ದೇನೆ.